ಬಾಲಮಂದಿರ ಬಿಟ್ಟವರ ಬಗ್ಗೆ ಅಧ್ಯಯನ: 40 ಜನ ಸಿಕ್ಕರೆ ಸಾಕಾ?

ಗೆರೆಕೋಲು:
18 ತುಂಬಿ ಬಾಲಮಂದಿರದಿಂದ (ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನ ಇಟ್ಕೊಳ್ಳೋ ಸಂಸ್ಥೆ) ಹೊರಬಿದ್ದವರು ಮುಂದಿನ ನಾಲ್ಕೈದು ವರ್ಷ ಹೇಗೆ ಬದುಕು ಕಟ್ಕೋತಾರೆ ಅನ್ನೋದು ನನ್ನ ಪಿಎಚ್‌ಡಿ ವಿಷಯ. ಎರಡು ಜಿಲ್ಲೆ, 40 ಜನ. ಸದ್ಯದ ಲೆಕ್ಕಾಚಾರ: ಸೂಪರಿಂಟೆಂಡೆಂಟ್ ಹತ್ರ ಹಳೇ ಮಕ್ಕಳ ಫೋನ್ ನಂಬರ್ ಇಸ್ಕೊಳ್ಳೋದು, ಗೂಗಲ್ ಫಾರ್ಮ್ ಕಳಿಸೋದು, ಒಪ್ಪಿದವರ ಜೊತೆ ತಲಾ ಒಂದು ಗಂಟೆ ಕೂತು ಮಾತಾಡೋದು. ಕೆಲಸ, ವಸತಿ, ಓದು, ಮದುವೆ ಅಂತ ನಾಲ್ಕು ಭಾಗದ ಪ್ರಶ್ನಾವಳಿ ರೆಡಿ ಇದೆ. ಎಲ್ಲಿ ಎಡವ್ತೀನಿ ಅಂತ ಈಗಲೇ ಹೇಳಿ. ಸಿನಾಪ್ಸಿಸ್ ಕೊಟ್ಟಮೇಲೆ ಬೈಬೇಡಿ.

ಕಡತಹುಳು:
ಮೊದಲ ಹೆಜ್ಜೆಯಲ್ಲೇ ಎಡವಿದ್ದೀರಿ. ಸೂಪರಿಂಟೆಂಡೆಂಟ್ ಫೋನಲ್ಲಿರೋ ನಂಬರ್ ಅಂದ್ರೆ ಆಗಸ್ಟ್ 15ಕ್ಕೆ ಬಂದು ಮಕ್ಕಳಿಗೆ ಭಾಷಣ ಮಾಡಿ ಲಾಡು ತಿಂದು ಹೋಗೋರ ನಂಬರ್. ಪೊಲೀಸ್ ಕೆಲಸ ಸಿಕ್ಕವನು, ನರ್ಸಿಂಗ್ ಮುಗಿಸಿದವಳು. ಜಗಳ ಮಾಡ್ಕೊಂಡು ಹೋದವನ ನಂಬರ್ ಅಲ್ಲಿರಲ್ಲ. ಇವರಲ್ಲಿ 40 ಜನರನ್ನ ಮಾತಾಡಿಸಿ ‘ಬಹುಪಾಲು ಜನ ನೆಲೆ ಕಂಡಿದ್ದಾರೆ’ ಅಂತ ಬರೆದ್ರೆ, ಅದು ಸೂಪರಿಂಟೆಂಡೆಂಟ್ ಕಾಂಟ್ಯಾಕ್ಟ್ ಲಿಸ್ಟಿನ ಬಗ್ಗೆ ಅಧ್ಯಯನ ಆಗುತ್ತೆ.

ಫೋನಿಂದ ಶುರು ಮಾಡಬೇಡಿ, ರಿಜಿಸ್ಟರಿಂದ ಶುರು ಮಾಡಿ. ಒಂದು ಅವಧಿ ಗೊತ್ತು ಮಾಡ್ಕೊಳ್ಳಿ, ಉದಾಹರಣೆಗೆ ಐದು ವರ್ಷ. ಆ ಅವಧಿಯಲ್ಲಿ ಬಿಡುಗಡೆ ಆದ ಪ್ರತಿಯೊಬ್ಬರೂ ನಿಮ್ಮ ಪಟ್ಟಿಯ ಒಂದೊಂದು ಸಾಲು. ಬಂದ ವಯಸ್ಸು, ಬಿಟ್ಟ ವಯಸ್ಸು, ಎಷ್ಟು ವರ್ಷ ಇದ್ರು, ಎಷ್ಟು ಸಂಸ್ಥೆ ಬದಲಾಯ್ತು, ಬಿಟ್ಟಾಗ ಎಲ್ಲಿಗೆ ಕಳಿಸಿದ್ರು. ಕೊನೇ ಕಾಲಂನಲ್ಲಿ ಸಂಪರ್ಕದ ಸ್ಥಿತಿ: ಸಿಕ್ಕರು, ಸಿಕ್ಕು ಒಲ್ಲೆ ಅಂದ್ರು, ನಂಬರ್ ಸತ್ತಿದೆ, ತೀರಿಕೊಂಡಿದ್ದಾರೆ, ಸುಳಿವೇ ಇಲ್ಲ. ಆ ಕೊನೇ ಕಾಲಂ ನಿಮ್ಮ 40 ಸಂದರ್ಶನಕ್ಕಿಂತ ದೊಡ್ಡ ಫಲಿತಾಂಶ.

ಸಂತೆಪೇಟೆ:
ಮೇಲಿನದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ಕೊಳ್ಳಿ.

ತುಂಗೆದಡ:
ತಡೀರಿ. ರಿಜಿಸ್ಟರ್ ಅಂದಷ್ಟು ಸುಲಭಕ್ಕೆ ಯಾರೂ ಕೈಗೆ ಕೊಡಲ್ಲ, ಕೊಡಲೂಬಾರದು. ಬಾಲನ್ಯಾಯ ಕಾಯ್ದೆ 2015ರ 99ನೇ ಸೆಕ್ಷನ್ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಬಂದ ವರದಿಗಳು ಗೋಪ್ಯ. 74ನೇ ಸೆಕ್ಷನ್ ಗುರುತು ಬಯಲು ಮಾಡೋದನ್ನ ತಡೆಯುತ್ತೆ; ಮೀರಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲ ಎರಡು ಲಕ್ಷದವರೆಗೆ ದಂಡ, ಇಲ್ಲ ಎರಡೂ. ‘ಈಗ ಅವರಿಗೆ 22 ವರ್ಷ, ಮಗು ಅಲ್ವಲ್ಲ’ ಅನ್ನೋ ವಾದ ಬೇಡ. ಕಡತ ಹುಟ್ಟಿದ್ದು ಮಗುವಾಗಿದ್ದಾಗ.

ಹೀಗೆ ಮಾಡಿ. ವಿಶ್ವವಿದ್ಯಾಲಯದ ನೈತಿಕ ಸಮಿತಿ ಒಪ್ಪಿಗೆ ಮೊದಲು. ಅದರ ಪ್ರತಿ ಇಟ್ಟು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮಕ್ಕಳ ರಕ್ಷಣಾ ನಿರ್ದೇಶನಾಲಯಕ್ಕೆ ಅರ್ಜಿ. ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳುವಳಿಕೆ. ಘಟಕದವರು ಹೆಸರು ತೆಗೆದು ಕ್ರಮಸಂಖ್ಯೆ ಹಾಕಿದ ಪಟ್ಟಿ ಕೊಡ್ತಾರೆ. ಮೊದಲ ಕರೆ ಅವರೇ ಮಾಡಿ ‘ಹೀಗೊಬ್ಬರು ಮಾತಾಡಬೇಕಂತೆ, ನಿಮ್ಮ ನಂಬರ್ ಕೊಡಲಾ?’ ಅಂತ ಕೇಳಬೇಕು. ಹೂಂ ಅಂದವರ ನಂಬರ್ ಮಾತ್ರ ನಿಮಗೆ. ಈ ಓಡಾಟಕ್ಕೆ ಆರು ತಿಂಗಳು ಎತ್ತಿಡಿ.

ಕಡತಹುಳು:
ಘಟಕದವರು ಕರೆ ಮಾಡಿದ್ರೆ ‘ಒಲ್ಲೆ’ ಅನ್ನೋಕೆ ಧೈರ್ಯ ಬೇಕಲ್ಲ ಮಾರಾಯ್ರೆ? ಅನುಪಾಲನೆ (18 ಆಗಿ ಹೊರಬಂದವರಿಗೆ ಸಿಗೋ ನೆರವು) ದುಡ್ಡಿಗೆ ಸಹಿ ಹಾಕೋರೂ ಅವರೇ.

ತುಂಗೆದಡ:
ಒಪ್ಪಿದೆ. ಅದಕ್ಕೇ ಕರೆ ಮಾಡೋರು ಹಣ ನೋಡ್ಕೊಳ್ಳೋ ಸಿಬ್ಬಂದಿ ಆಗಿರಬಾರದು. ‘ಬಂದ್ರೂ ಬರದಿದ್ರೂ ನಿಮ್ಮ ಸೌಲಭ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ’ ಅನ್ನೋ ವಾಕ್ಯನ ಕಾಗದದಲ್ಲಿ ಬರೆದು ಕೊಡಿ, ಅವರು ಓದಿ ಹೇಳಲಿ.

ಉದ್ದಿನವಡೆ:
18 ಆದಮೇಲೆ ಮೂರು ವರ್ಷ ಸರ್ಕಾರ ಕಡ್ಡಾಯವಾಗಿ ನೋಡ್ಕೋಬೇಕು ಅಂತ ಕಾನೂನೇ ಇದೆ. ಅದು ಸಿಕ್ತಾ ಇಲ್ವಾ ಅಂತ ಕೇಳಿದ್ರೆ ಅರ್ಧ ಥೀಸಿಸ್ ಮುಗೀತು.

ಕಾಯ್ದೆಕಟ್ಟು:
ಕಡ್ಡಾಯ ಅಲ್ಲ. 46ನೇ ಸೆಕ್ಷನ್ ಹೇಳೋದು, 18 ತುಂಬಿ ಸಂಸ್ಥೆ ಬಿಡೋರಿಗೆ ಹಣಕಾಸಿನ ನೆರವು ‘ಕೊಡಬಹುದು’ ಅಂತ. ಆ ‘ಬಹುದು’ ಮೇಲೇ ಇಡೀ ವ್ಯವಸ್ಥೆ ನಿಂತಿದೆ. 2016ರ ಮಾದರಿ ನಿಯಮಗಳ 25ನೇ ನಿಯಮ ವಿವರ ಕೊಡುತ್ತೆ: ನಮೂನೆ 37ರಲ್ಲಿ ಮಕ್ಕಳ ಕಲ್ಯಾಣ ಸಮಿತಿ, ಬಾಲನ್ಯಾಯ ಮಂಡಳಿ ಅಥವಾ ಮಕ್ಕಳ ನ್ಯಾಯಾಲಯದ ಆದೇಶ ಆದ್ರೆ 21ರ ತನಕ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ. ಆರರಿಂದ ಎಂಟು ಜನರ ಗುಂಪುಮನೆ, ತರಬೇತಿ ಇದ್ದಾಗ ಸ್ಟೈಪೆಂಡ್, ಹಣ ನೇರ ಅವರ ಬ್ಯಾಂಕ್ ಖಾತೆಗೆ. 2022ರ ಮಿಷನ್ ವಾತ್ಸಲ್ಯ (ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ) ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿ.

ಹಾಗಾಗಿ ‘ಅನುಪಾಲನೆ ಸಿಕ್ತಾ?’ ಅನ್ನೋ ಒಂದೇ ಪ್ರಶ್ನೆ ಉಪಯೋಗಕ್ಕೆ ಬರಲ್ಲ. ಒಡೆದು ಕೇಳಿ. ಇಂಥದ್ದೊಂದು ಇದೆ ಅಂತ ಬಿಡೋ ಮುಂಚೆ ಯಾರಾದ್ರೂ ಹೇಳಿದ್ರಾ? ಅರ್ಜಿ ಹಾಕಿದ್ರಾ? ಆದೇಶ ಆಯ್ತಾ? ಆದೇಶ ಆದ ಎಷ್ಟು ತಿಂಗಳಿಗೆ ಮೊದಲ ಕಂತು ಬಂತು? ಪ್ರತಿ ತಿಂಗಳು ಬಂತಾ, ಇಲ್ಲ ಒಟ್ಟಿಗೆ ಗಂಟು ಬಂತಾ? ಬಾಡಿಗೆ ಕಟ್ಟೋನಿಗೆ ತಿಂಗಳಿಗೆ 4,000 ಬರೋದೂ ಎಂಟು ತಿಂಗಳು ಬಿಟ್ಟು 32,000 ಬರೋದೂ ಒಂದೇ ಅಲ್ಲ.

ಉದ್ದಿನವಡೆ:
ಸರಿ, ‘ಕಡ್ಡಾಯ’ ವಾಪಸ್ ತಗೊಂಡೆ. ಆದ್ರೆ 4,000ಕ್ಕೆ ಬೆಂಗಳೂರಲ್ಲಿ ಪಿಜಿಯ ಮೂಲೆ ಮಂಚ ಕೂಡ ಸಿಗಲ್ಲ. ಮನೆ ಮಾಡೋಣ ಅಂದ್ರೆ ಹತ್ತು ತಿಂಗಳ ಅಡ್ವಾನ್ಸ್.

ಹುಬ್ಬಳ್ಳಿಗಿರಮಿಟ್:
ಅಡ್ವಾನ್ಸ್ ಆಮ್ಯಾಲಿನ ಮಾತ್ರೀ. ‘ಊರು ಯಾವ್ದು, ತಂದಿ ಏನ್ ಮಾಡ್ತಾರ, ಯಾವ ಮಂದಿ ನೀವು’ ಅಂತ ಮನಿ ಮಾಲೀಕ ಕೇಳೂ ಮೂರು ಪ್ರಶ್ನಿ ಅದಾವಲ್ಲ, ಅಲ್ಲೇ ಅರ್ಧ ಮಂದಿ ವಾಪಸ್ ಬರ್ತಾರ. ವಸತಿ ಭಾಗದಾಗ ‘ಬಾಡಿಗಿ ಎಷ್ಟು’ ಅಂತಷ್ಟ ಕೇಳಬ್ಯಾಡ್ರಿ. ಹೊರಗ ಬಂದಮ್ಯಾಲೆ ಎಷ್ಟು ಸಲ ಜಾಗ ಬದಲಾತು, ಪ್ರತಿ ಸಲ ಯಾಕ ಬಿಟ್ರು, ಮೊದಲ ರಾತ್ರಿ ಎಲ್ಲಿ ಮಲಗಿದ್ರು, ಇದನ್ನ ಕೇಳ್ರಿ. ಹೋಟೆಲ್ ಕೆಲಸದವರಿಗೆ ಕೆಲಸ ಹೋದ ದಿನಾನ ಮಲಗೂ ಜಾಗಾನೂ ಹೋಗ್ತದ. ಎರಡನ್ನೂ ಬ್ಯಾರೆ ಬ್ಯಾರೆ ಕಾಲಮ್ಮಿನಾಗ ಹಾಕಿದ್ರ ಆ ಗಂಟು ಕಾಣೂದಿಲ್ಲ.

ಗೆರೆಕೋಲು:
ಇದು ಹೊಳೆದೇ ಇರಲಿಲ್ಲ. ಕೆಲಸ, ವಸತಿ ಎರಡನ್ನೂ ಒಂದೇ ಭಾಗ ಮಾಡ್ತೀನಿ. ಇನ್ನೊಂದು: ‘18 ತುಂಬಿ ಹೊರಬಂದವರು’ ಅನ್ನೋ ನನ್ನ ವ್ಯಾಖ್ಯಾನ ಸರಿ ಇದೆ ತಾನೆ?

ಕಾಯ್ದೆಕಟ್ಟು:
ಇಲ್ಲ. 16, 17ಕ್ಕೇ ‘ಕುಟುಂಬಕ್ಕೆ ಮರಳಿಸಲಾಗಿದೆ’ ಅಂತ ಬರೆದು ಕಳಿಸಿದವರೆಲ್ಲ ಇದರಿಂದ ಜಾರಿ ಹೋಗ್ತಾರೆ. ಕಾಗದದಲ್ಲಿ ಅವರು ಮನೆ ಸೇರಿದ್ದಾರೆ. ಆರು ತಿಂಗಳಲ್ಲಿ ಆ ಮನೆಯಿಂದಲೂ ಹೊರಬಿದ್ದಿದ್ರೆ ಅದು ಯಾವ ರಿಜಿಸ್ಟರಲ್ಲೂ ಇಲ್ಲ. ಅನುಪಾಲನೆ ಪಟ್ಟಿಯಲ್ಲಂತೂ ಇಲ್ಲವೇ ಇಲ್ಲ.

2020 ನೆನಪಿಡಿ. ಕೋವಿಡ್ ಹೊತ್ತಲ್ಲಿ ಮಕ್ಕಳನ್ನ ದೊಡ್ಡ ಸಂಖ್ಯೆಯಲ್ಲಿ ಮನೆಗೆ ಕಳಿಸಿದ್ರು. ಅದೇ ಸೆಪ್ಟೆಂಬರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಮಕ್ಕಳನ್ನ ಕುಟುಂಬಕ್ಕೆ ಮರಳಿಸಿ ಅಂತ ಬರೆದಿತ್ತು. ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್, ಹಾಗೆ ಮರಳಿದ ಮಕ್ಕಳ ಓದಿಗೆ ತಿಂಗಳಿಗೆ 2,000 ಕೊಡಿ ಅಂತು. ಆಗ 15, 16 ಇದ್ದವರಿಗೆ ಈಗ 20 ದಾಟಿದೆ. ಅಂದ್ರೆ ನಿಮ್ಮ ವಯಸ್ಸಿನ ಗುಂಪೇ. ಅವರನ್ನ ಪ್ರತ್ಯೇಕ ಗುಂಪಾಗಿ ಇಟ್ಕೊಳ್ಳಿ, ಇಲ್ಲಾಂದ್ರೆ ‘2020ರಲ್ಲಿ ಯಶಸ್ವಿ ಪುನರ್ವಸತಿ ಏರಿತು’ ಅನ್ನೋ ಅಪಹಾಸ್ಯದ ಗ್ರಾಫ್ ಬರುತ್ತೆ.

ಜೂನ್‌ಒಂದು:
ವಯಸ್ಸಿನ ಬಗ್ಗೆ ನನ್ನ ಹೆಸರೇ ಹೇಳುತ್ತೆ. ರಿಜಿಸ್ಟರಲ್ಲಿ ಜನ್ಮದಿನ ನೋಡ್ತಾ ಹೋಗಿ, ಜೂನ್ 1 ಸಾಲುಸಾಲಾಗಿ ಬರುತ್ತೆ, ಆಮೇಲೆ ಜನವರಿ 1. ಜನನ ಪ್ರಮಾಣಪತ್ರ ಇಲ್ಲದ ಮಗುವಿಗೆ ಶಾಲೆಗೆ ಸೇರಿಸುವಾಗ ಹಾಕಿದ ದಿನಾಂಕ ಅದು. 94ನೇ ಸೆಕ್ಷನ್ನಿನ ಕ್ರಮ ಹೀಗಿದೆ: ಮೊದಲು ಶಾಲೆಯ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ರೆ ಸ್ಥಳೀಯ ಸಂಸ್ಥೆಯ ಜನನ ಪತ್ರ, ಎರಡೂ ಇಲ್ಲದಿದ್ರೆ ಮೂಳೆ ಪರೀಕ್ಷೆ. ಮೂಳೆ ಪರೀಕ್ಷೆ ದಿನಾಂಕ ಕೊಡಲ್ಲ, ಅಂದಾಜು ವಯಸ್ಸು ಕೊಡುತ್ತೆ. ಹಾಗಾಗಿ ‘18ಕ್ಕೆ ಬಿಟ್ಟವರು’ ಅನ್ನೋರಲ್ಲಿ ನಿಜವಾಗಿ 17 ಆದವರೂ ಇರ್ತಾರೆ, 19 ಆದವರೂ ಇರ್ತಾರೆ. ವಯಸ್ಸಿನ ಬದಲು, ಬಿಟ್ಟಾಗ ಯಾವ ಓದಲ್ಲಿದ್ರು ಅಂತ ಹಿಡಿದು ವಿಶ್ಲೇಷಣೆ ಮಾಡಿ. ದ್ವಿತೀಯ ಪಿಯುಸಿ ನಡುವೆ 18 ತುಂಬಿದವರಿಗೂ ಪರೀಕ್ಷೆ ಮುಗಿದಮೇಲೆ ತುಂಬಿದವರಿಗೂ ದಾರಿ ಬೇರೆ ಬೇರೆ.

ತುಂಗೆದಡ:
ಕಡತ ನೋಡೋಕೆ ಅನುಮತಿ ಸಿಕ್ರೆ ನಮೂನೆ 7 ಹಿಡೀರಿ, ವೈಯಕ್ತಿಕ ಪಾಲನಾ ಯೋಜನೆ. ನಾಲ್ಕು ಭಾಗ ಇರುತ್ತೆ. ಮೊದಲನೇದು ವಿವರ, ಎರಡನೇದು ಪ್ರಗತಿ ವರದಿ (ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ), ಮೂರನೇದು ಬಿಡುಗಡೆಗೆ 15 ದಿನ ಮುಂಚಿನದು, ನಾಲ್ಕನೇದು ಬಿಡುಗಡೆ ನಂತರದ್ದು. ನಾಲ್ಕನೇ ಭಾಗದಲ್ಲಿ ಬ್ಯಾಂಕ್ ಖಾತೆ ಏನಾಯ್ತು, ಜಾತಿ ಪತ್ರ, ಆಧಾರ್, ಪಡಿತರ ಚೀಟಿ ಇದೆಯಾ ಅಂತೆಲ್ಲ ಕಾಲಂ ಇದೆ. ಆ ಭಾಗ ಎಷ್ಟು ಕಡತದಲ್ಲಿ ಖಾಲಿ ಇದೆ ಅಂತ ಎಣಿಸಿ. ಖಾಲಿ ಹಾಳೆಯೂ ದತ್ತಾಂಶವೇ.

ಒಂದು ಎಚ್ಚರಿಕೆ: ವೀಕ್ಷಣಾಲಯದಿಂದ ಬಂದವರ, ಅಂದ್ರೆ ಕಾನೂನಿನೊಡನೆ ಸಂಘರ್ಷದಲ್ಲಿದ್ದ ಮಕ್ಕಳ ಕಡತಕ್ಕೆ ಕೈ ಹಾಕಬೇಡಿ. ಕೆಲವು ಗಂಭೀರ ಪ್ರಕರಣ ಬಿಟ್ರೆ 24ನೇ ಸೆಕ್ಷನ್ ಪ್ರಕಾರ ಆ ದಾಖಲೆ ನಾಶ ಆಗಬೇಕು. ಇನ್ನೂ ಕಪಾಟಲ್ಲಿದ್ರೆ ಅದು ಬೇರೆ ಸಮಸ್ಯೆ, ನಿಮ್ಮ ಥೀಸಿಸ್ ಅಲ್ಲ.

ಮಂಗಳೂರ್‌ಬನ್ಸ್:
ದಾಖಲೆಪತ್ರದ್ದೇ ಒಂದು ಭಾಗ ಬೇಕು ಅಂತ ನಾನು ಹೇಳೋದು. ಹೊರಗೆ ಬಂದ ಮೊದಲ ವರ್ಷ ಯಾವುದಕ್ಕೆ ಸಿಕ್ಕಿಹಾಕಿಕೊಳ್ತಾರೆ ಅಂತ ನೋಡಿದರೆ ಕಾಗದಕ್ಕೇ.

ಆಧಾರ್: ವಿಳಾಸ ಬಾಲಮಂದಿರದ್ದು, ಮೊಬೈಲ್ ನಂಬರ್ ಅಲ್ಲಿನ ಸಿಬ್ಬಂದಿಯದ್ದು. ಹುಡುಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೌಂಟರ್ ಮುಂದೆ ನಿಂತಿರ್ತಾನೆ, ಒಟಿಪಿ ವರ್ಗಾವಣೆ ಆಗಿ ಹೋದ ವಾರ್ಡನ್ ಜೇಬಲ್ಲಿ ಟಿಣ್ ಅನ್ನುತ್ತೆ. 15 ವರ್ಷಕ್ಕೆ ಮಾಡಿಸಬೇಕಾದ ಬಯೋಮೆಟ್ರಿಕ್ ನವೀಕರಣ ತಪ್ಪಿದ್ದರೆ ಬೆರಳೂ ಹೊಂದುವುದಿಲ್ಲ.

ಬ್ಯಾಂಕ್: ಅಪ್ರಾಪ್ತರ ಖಾತೆಗೆ 18 ಆದಾಗ ಹೊಸ ಸಹಿ, ಹೊಸ ಕೆವೈಸಿ ಆಗ್ಬೇಕು. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ. 14ಕ್ಕೆ ತೆರೆದು ಮುಟ್ಟದೇ ಇಟ್ಟ ಖಾತೆಗೆ ಎರಡೂ ಒಟ್ಟಿಗೆ ಬಡಿಯುತ್ತೆ. ಅನುಪಾಲನೆ ಹಣ ಬರಬೇಕಾದದ್ದು ಅದೇ ಖಾತೆಗೆ!

ಜಾತಿ, ಆದಾಯ: ನಾಡಕಚೇರಿಯಲ್ಲಿ ಅಪ್ಪನದ್ದೋ ಅಣ್ಣನದ್ದೋ ದಾಖಲೆ ಕೇಳ್ತಾರೆ. ಆ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಇಲ್ಲದಿದ್ದರೆ ವಿದ್ಯಾರ್ಥಿವೇತನ ಪೋರ್ಟಲಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ.

ಇವನ್ನು ‘ಇದೆ/ಇಲ್ಲ’ ಅಂತ ಕೇಳಿದರೆ ಎಲ್ಲರೂ ‘ಇದೆ’ ಅಂತಾರೆ. ‘ಇವತ್ತು ನಿಮ್ಮ ಕೈಯಲ್ಲಿದೆಯಾ, ಕೊನೇ ಸಲ ಯಾವಾಗ ಉಪಯೋಗಿಸಿದ್ರಿ’ ಅಂತ ಕೇಳಿ. ಮೂಲ ಅಂಕಪಟ್ಟಿ ಇನ್ನೂ ಸಂಸ್ಥೆಯ ಬೀರುವಲ್ಲೇ ಇರುತ್ತೆ ಎಷ್ಟೋ ಸಲ.

ಸಂತೆಪೇಟೆ:
ಮಹಾರಾಷ್ಟ್ರದಲ್ಲಿ ಅನಾಥರಿಗೆ 2018ರಿಂದ ಶೇ 1 ಮೀಸಲಾತಿ ಇದೆ. ನಮ್ಮಲ್ಲೂ ತಂದ್ರೆ ಈ ಜಾತಿ ಪತ್ರದ ರಗಳೆಯೇ ಮುಗಿಯಿತು.

ಹುಬ್ಬಳ್ಳಿಗಿರಮಿಟ್:
ಮುಗಿಯೂದಿಲ್ರೀ. ಆಗ ‘ಅನಾಥ ಪ್ರಮಾಣಪತ್ರ’ದ ರಗಳೆ ಶುರು. ಒಬ್ಬ ಪಾಲಕರು ಇದ್ದವರು, ಕುಡುಕ ತಂದಿ ಬಿಟ್ಟು ಹೋದವರು ಏನ್ ಮಾಡಬೇಕು? ಬಾಲಮಂದಿರದಾಗ ಇದ್ದವರೆಲ್ಲ ಅನಾಥರಲ್ಲ.

ಗೆರೆಕೋಲು:
ಆ ಪದದ್ದೇ ತಲೆನೋವು. ಇಂಗ್ಲಿಷಲ್ಲಿ ‘ಕೇರ್ ಲೀವರ್’ ಅಂತಾರೆ. ಕನ್ನಡದಲ್ಲಿ ‘ಪಾಲನೆ ತೊರೆದವರು’ ಅಂತ ಹಾಕಿದೀನಿ.

ಉದ್ದಿನವಡೆ:
ತೊರೆದವರಾ? ಸನ್ಯಾಸ ತಗೊಂಡ ಹಾಗಿದೆ. ಅವರು ತೊರೆದಿಲ್ಲ ಸ್ವಾಮಿ, ಗೇಟ್ ತೋರಿಸಿ ಕಳಿಸಿದ್ದು. ‘ಕೇರ್ ಲೀವರ್’ ಅಂದ್ರೆ ಲಿವರ್ ಆಸ್ಪತ್ರೆ ಅನ್ಕೋತಾರೆ.

ಮಂಗಳೂರ್‌ಬನ್ಸ್:
ಥೀಸಿಸ್ಸಲ್ಲಿ ಏನಾದರೂ ಬರೆಯಿರಿ, ಎದುರು ಕೂತಾಗ ‘ಹಾಸ್ಟೆಲ್’ ಅನ್ನಿ. ಹೆಚ್ಚಿನವರು ಹೊರಗೆ ಹೇಳಿಕೊಳ್ಳೋದು ಅದೇ ಪದ. ಕೆಲಸದ ಜಾಗದಲ್ಲಿ ‘ಹಾಸ್ಟೆಲಲ್ಲಿ ಓದಿದ್ದು’ ಅಂದರೆ ಮುಂದಿನ ಪ್ರಶ್ನೆ ಬರುವುದಿಲ್ಲ. ಪೈಲಟ್ ಸಂದರ್ಶನದಲ್ಲಿ ಅವರು ಯಾವ ಪದ ಬಳಸ್ತಾರೋ ಅದನ್ನೇ ಪ್ರಶ್ನಾವಳಿಗೆ ತನ್ನಿ.

ಅಳತೆಪಟ್ಟಿ:
ಇಷ್ಟು ಹೊತ್ತು ಕಾನೂನೇ ಆಯ್ತು. ವಿಧಾನದ ಬಗ್ಗೆ: ಅಮೆರಿಕದ ಮಿಡ್‌ವೆಸ್ಟ್ ಅಧ್ಯಯನ ನೋಡಿ, ಮಾರ್ಕ್ ಕೋರ್ಟ್ನಿ ತಂಡದ್ದು. ಅಯೋವಾ, ವಿಸ್ಕಾನ್ಸಿನ್, ಇಲಿನಾಯ್ ಮೂರು ರಾಜ್ಯ. 17ರ ಆಸುಪಾಸಲ್ಲಿ, ಇನ್ನೂ ಒಳಗಿದ್ದಾಗಲೇ 732 ಜನರನ್ನ ಹಿಡಿದು, 19, 21, 23–24, 26ಕ್ಕೆ ಮತ್ತೆ ಮತ್ತೆ ಮಾತಾಡಿಸಿದ್ರು. ಇಲಿನಾಯ್‌ನಲ್ಲಿ 21ರ ತನಕ ಇರೋಕೆ ಅವಕಾಶ ಇತ್ತು, ಉಳಿದೆರಡರಲ್ಲಿ ಬಹುಮಟ್ಟಿಗೆ ಇರಲಿಲ್ಲ. ಹಾಗಾಗಿ ಹೋಲಿಕೆಗೆ ಬಂತು. ನೀವು ಮಾಡ್ತಿರೋದು ಹಿಂದೆ ತಿರುಗಿ ಕೇಳೋದು. ಹಿಂದಕ್ಕೆ ಕೇಳಿದ್ರೆ ಉಳಿದವರ ಕಥೆ ಮಾತ್ರ ಬರುತ್ತೆ.

ಕಡತಹುಳು:
ಪಿಎಚ್‌ಡಿಗೆ ಒಂಬತ್ತು ವರ್ಷ ಯಾರು ಫೆಲೋಶಿಪ್ ಕೊಡ್ತಾರೆ? ಅಲ್ಲದೆ ಅಲ್ಲಿ ಬಹುಪಾಲು ಸಾಕುಮನೆ (ಬೇರೆ ಕುಟುಂಬದಲ್ಲಿ ಬೆಳೆಸೋದು), ನಮ್ಮಲ್ಲಿ ಸಂಸ್ಥೆ. ಅಲ್ಲಿಯ ಅಳತೆಗೋಲು ತಂದು ಇಲ್ಲಿ ನೆಟ್ರೆ ನೆರಳು ಬೀಳಲ್ಲ.

ಅಳತೆಪಟ್ಟಿ:
ಅಳತೆಗೋಲು ತರಬೇಡಿ, ಕ್ರಮ ತನ್ನಿ. ಈಗ 17 ಆಗಿರೋ 15 ಜನರನ್ನ ಒಳಗಿದ್ದಾಗಲೇ ಒಮ್ಮೆ, ಬಿಟ್ಟ 6 ತಿಂಗಳಿಗೆ, 18 ತಿಂಗಳಿಗೆ ಮಾತಾಡಿಸಿ. ಮೂರು ವರ್ಷದೊಳಗೆ ಆಗುತ್ತೆ. ಆದ್ರೆ 17ಕ್ಕೆ ಬೇರೆ ಕಾಗದ: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ದಾರಿಯಲ್ಲಿ ಹೋದ್ರೆ ಮಗುವಿನ ಲಿಖಿತ ಸಮ್ಮತಿ, ಜೊತೆಗೆ ಪಾಲಕರ ಸ್ಥಾನದಲ್ಲಿರೋರ ಒಪ್ಪಿಗೆ. 18 ಆದಮೇಲೆ ಅದೇ ಒಪ್ಪಿಗೆ ಎಳೆಯಬೇಡಿ, ಅವರಿಂದಲೇ ಹೊಸದಾಗಿ ತಗೊಳ್ಳಿ. ಭಾರತದ್ದೇ ಬೇಕಂದ್ರೆ ಉದಯನ್ ಕೇರ್ ಅನ್ನೋ ಸಂಸ್ಥೆ 2019ರಲ್ಲಿ ಕರ್ನಾಟಕ ಸೇರಿ ಐದು ರಾಜ್ಯಗಳಲ್ಲಿ ಮಾಡಿದ ಅಧ್ಯಯನ ಇದೆ, ಅದರ ಪ್ರಶ್ನೆಗಳ ವಿಂಗಡಣೆ ನೋಡಿ.

ಮತ್ತೆ ಗೂಗಲ್ ಫಾರ್ಮ್ ಬಿಟ್ಟುಬಿಡಿ. ಒಂದು ಎ-3 ಹಾಳೆ ತಗೊಂಡು ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಜಾಗ, ಕೆಲಸ, ಓದು, ಜೊತೆಗಿದ್ದವರು, ಆರೋಗ್ಯ ಅಂತ ಗೆರೆ ಹಾಕಿ ಮಧ್ಯೆ ಇಡಿ. ತಾರೀಕು ಯಾರಿಗೂ ನೆನಪಿರಲ್ಲ. ‘ಎಸ್ಸೆಸ್ಸೆಲ್ಸಿ ರಿಸಲ್ಟ್ ಆದಮೇಲಾ? ಲಾಕ್‌ಡೌನ್ ಮುಂಚೆಯಾ? ಆ ವರ್ಷದ ದೀಪಾವಳಿಗೆ ಎಲ್ಲಿದ್ರಿ?’ ಅಂತ ಕೇಳಿದ್ರೆ ತಿಂಗಳು ತಾನಾಗಿ ಕೂರುತ್ತೆ. ಪೆನ್ಸಿಲ್ ಅವರ ಕೈಗೇ ಕೊಡಿ.

ಜೂನ್‌ಒಂದು:
ಹಬ್ಬದ ಪ್ರಶ್ನೆ ಹುಷಾರು. ಅವರಿಗೆ ಹೋಗೋಕೆ ಮನೆ ಇಲ್ಲದ ದಿನ ಅದು. ನೆನಪಿಗೆ ಒಳ್ಳೆ ಗೂಟ, ಆದ್ರೆ ಮೊದಲ ಹತ್ತು ನಿಮಿಷಕ್ಕೆ ಅಲ್ಲ.

ಅಳತೆಪಟ್ಟಿ:
ಒಪ್ಪಿದೆ. ಮೊದಲಿಗೆ ಲಾಕ್‌ಡೌನ್, ಪರೀಕ್ಷೆ, ಮೊದಲ ಸಂಬಳ.

ಮಂಗಳೂರ್‌ಬನ್ಸ್:
ಸಂಬಂಧಗಳ ಬಗ್ಗೆ ‘ನಿಮಗೆ ಬೆಂಬಲ ಇದೆಯೇ’ ಅಂತ ಕೇಳಬೇಡಿ. ‘ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡ್ತೀರಿ, ಎರಡು ಸಾವಿರ ಸಾಲ ಯಾರ ಹತ್ತಿರ ಕೇಳ್ತೀರಿ, ಆಸ್ಪತ್ರೆ ಫಾರ್ಮಲ್ಲಿ ಸಂಬಂಧಿಕರು ಅಂತ ಯಾರ ಹೆಸರು ಬರೀತೀರಿ’ ಅಂತ ಕೇಳಿ. ಮೂರಕ್ಕೂ ಒಂದೇ ಹೆಸರು ಬಂದರೆ ಅದೊಂದು ಸಂಗತಿ, ಮೂರನೇದು ಖಾಲಿ ಬಂದರೆ ಇನ್ನೊಂದು.

ಮತ್ತೆ ಹುಡುಗಿಯರ ಮದುವೆ. ರಿಜಿಸ್ಟರಲ್ಲಿ ‘ವಿವಾಹ’ ಅಂತ ಬರೆದು ಪುನರ್ವಸತಿ ಲೆಕ್ಕಕ್ಕೆ ಹಾಕಿಬಿಡ್ತಾರೆ. ನೀವೂ ಹಾಗೇ ಕೋಡ್ ಮಾಡಬೇಡಿ. ಮದುವೆ ಯಾರು ಗೊತ್ತು ಮಾಡಿದ್ದು, ಬಿಟ್ಟ ಎಷ್ಟು ತಿಂಗಳಿಗೆ, ಬೇರೆ ಜಾಗ ಇದ್ದಿದ್ದರೆ ಆಗ ಮಾಡಿಕೊಳ್ತಿದ್ದರಾ?

ಉದ್ದಿನವಡೆ:
ಕೊನೇ ಪ್ರಶ್ನೆಯನ್ನ ಗಂಡ ಪಕ್ಕದಲ್ಲಿ ಕೂತಾಗ ಕೇಳೋ ಧೈರ್ಯ ಇದ್ಯಾ?

ಮಂಗಳೂರ್‌ಬನ್ಸ್:
ಅದಕ್ಕೇ ಮನೆಯಲ್ಲಿ ಮಾತು ಬೇಡ ಅನ್ನುವುದು. ಬಾಲಮಂದಿರದ ಆಫೀಸಲ್ಲೂ ಬೇಡ. ಗ್ರಂಥಾಲಯ, ಪಾರ್ಕು, ಅವರು ಹೇಳಿದ ಜಾಗ. ಗಾರ್ಮೆಂಟ್ಸಿನವರಿಗೆ ಭಾನುವಾರ ಮಾತ್ರ. ಹೋಟೆಲಿನವರಿಗೆ ಮಧ್ಯಾಹ್ನ 3ರಿಂದ 5, ಊಟ ಮುಗಿದು ಕಾಫಿ ಶುರುವಾಗುವ ಮುಂಚೆ. ಒಬ್ಬೊಬ್ಬರಿಗೂ ಒಂದೇ ಸಲ ಒಂದು ಗಂಟೆ ಬೇಡ, 45 ನಿಮಿಷದ್ದು ಎರಡು ಸಲ. ಎರಡನೇ ಸಲ ಬಂದಾಗಲೇ ನಿಜ ಬರೋದು.

ಸಂತೆಪೇಟೆ:
ಬಸ್ ಚಾರ್ಜ್ ಎಲ್ಲರಿಗೂ ಕೊಡಿ. ‘ಹುಡುಗಿಯರಿಗೆ ಶಕ್ತಿ ಯೋಜನೆ ಇದೆಯಲ್ಲ’ ಅಂತ ಉಳಿಸಬೇಡಿ. ಸರ್ಕಾರಿ ಬಸ್ ಹೋಗದ ಕಡೆ ಆಟೋನೇ ಗತಿ. ಜೊತೆಗೆ ಕಳೆದ ಕೂಲಿ ಸಮಯಕ್ಕೆ ಒಂದು ಮೊತ್ತ, ಮಾತು ಶುರುವಾಗುವ ಮುಂಚೆಯೇ ಕೈಗೆ. ಮಧ್ಯೆ ಎದ್ದು ಹೋದ್ರೂ ಅವರದ್ದೇ.

ತುಂಗೆದಡ:
ಯಾರಾದ್ರೂ ಮಾತಾಡ್ತಾ ಕುಸಿದ್ರೆ ಏನು ಮಾಡ್ತೀರಿ ಅಂತ ನೈತಿಕ ಸಮಿತಿ ಕೇಳೇ ಕೇಳುತ್ತೆ. ಎಲ್ಲರೂ 1098 ಅಂತ ಬರೀತಾರೆ, ಅದು ಮಕ್ಕಳ ಸಹಾಯವಾಣಿ. 18 ದಾಟಿದವರಿಗೆ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತಾಡ್ತಾರೆ. ಜೊತೆಗೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದ ಒಪಿಡಿ ದಿನ, ಸಮಯ ಮೊದಲೇ ವಿಚಾರಿಸಿ ಚೀಟಿ ಮಾಡಿಟ್ಕೊಳ್ಳಿ.

ಕಡತಹುಳು:
ಬರೆಯುವಾಗ ಇನ್ನೊಂದು. ‘ಹೆಸರು ಬದಲಿಸಲಾಗಿದೆ’ ಅಂದ್ರೆ ಮುಗೀಲಿಲ್ಲ. ಜಿಲ್ಲೆಯಲ್ಲಿ ಬಾಲಕಿಯರ ಬಾಲಮಂದಿರ ಒಂದೇ ಇದ್ದು, ‘ಆ ಸಂಸ್ಥೆಯಿಂದ 2021ರಲ್ಲಿ ಬಂದು ಈಗ ನರ್ಸಿಂಗ್ ಓದುತ್ತಿರುವ, ಅವಳಿ ತಂಗಿ ಇರುವ ಯುವತಿ’ ಅಂತ ಬರೆದ್ರೆ ಅಲ್ಲಿನ ಅಡುಗೆಯವರಿಗೂ ಗೊತ್ತಾಗುತ್ತೆ ಯಾರು ಅಂತ. ಜಿಲ್ಲೆ ಹೆಸರು ಬೇಡ, ವರ್ಷಕ್ಕೆ ಬದಲು ಅವಧಿ, ಕೋರ್ಸ್ ಬದಲು ‘ವೃತ್ತಿ ಶಿಕ್ಷಣ’. ಕ್ರಮಸಂಖ್ಯೆಗೂ ಹೆಸರಿಗೂ ಜೋಡಿಸೋ ಕೀಲಿ ಹಾಳೆ ಬೇರೆ ಕಡೆ, ಲ್ಯಾಪ್‌ಟಾಪಲ್ಲಿ ಅಲ್ಲ.

ಗೆರೆಕೋಲು:
ಬರ್ಕೊಂಡೆ. 25 ಜನ ಹಿಂದೆ ಬಿಟ್ಟವರು, 15 ಜನ ಈಗ 17 ಆದವರು, ಇಡೀ ಪಟ್ಟಿಯ ಎಣಿಕೆ ಬೇರೆ ಅಧ್ಯಾಯ. ಗೈಡ್‌ಗೆ ಹೇಳೋದೇ ಈಗ ದೊಡ್ಡ ಕೆಲಸ. ಕೊನೇದು: ಸುಳಿವೇ ಇಲ್ಲ ಅನ್ನೋರನ್ನ ಹುಡುಕೋದು ಹೇಗೆ? ಘಟಕದ ಹತ್ರ ನಂಬರ್ ಇದ್ರೂ ಎಷ್ಟೋ ಹಳೇವು.

ಹುಬ್ಬಳ್ಳಿಗಿರಮಿಟ್:
ಅಡಗಿ ಮಾಡೂ ಅಮ್ಮನ್ನ ಕೇಳ್ರಿ. ಸೂಪರಿಂಟೆಂಡೆಂಟ್ ವರ್ಗ ಆಗ್ತಾರ, ಅಡಗಿಯವರು ಅಲ್ಲೇ ಇರ್ತಾರ. ಆದ್ರ ನಂಬರ್ ಅವರಿಂದ ಇಸ್ಕೋಬ್ಯಾಡ್ರಿ, ನಿಮ್ಮ ನಂಬರ್ ಅವರ ಕಡೆ ಕೊಟ್ಟು ‘ಬೇಕಾದ್ರ ಅವರ ಫೋನ್ ಮಾಡ್ಲಿ’ ಅನ್ರಿ. ಒಂದೇ ಬ್ಯಾಚಿನವರ ವಾಟ್ಸಾಪ್ ಗುಂಪು ಇರ್ತದ, ಅಲ್ಲೂ ಹಂಗ.

ತುಂಗೆದಡ:
ಹಳೇ ನಂಬರಿಗೆ ಘಟಕದವರು ಮಾಡಲಿ, ಹೂಂ ಅಂದವರಿಗೆ ನೀವು ಮಾಡಿ; ಯಾರೇ ಮಾಡಿದ್ರೂ ಮೊದಲ ವಾಕ್ಯ ಮೊದಲೇ ಬರೆದಿಟ್ಕೊಳ್ಳಿ. ಪ್ರೀಪೇಯ್ಡ್ ಸಿಮ್ 90 ದಿನ ಬಳಸದೆ ಬಿಟ್ರೆ ರದ್ದಾಗಬಹುದು, ಆಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗುತ್ತೆ. ಇಲ್ಲಾಂದ್ರೆ ಫೋನ್ ಎತ್ತೋದು ಅತ್ತೆ, ಇಲ್ಲವೇ ಮೇಸ್ತ್ರಿ. ‘ನೀವು ಬಾಲಮಂದಿರದಲ್ಲಿ ಇದ್ದೋರಾ?’ ಅಂತ ಬಾಯಿಬಿಟ್ರೆ ಅಲ್ಲಿಗೆ ಎಲ್ಲ ಗೋಪ್ಯತೆ ಮುಗೀತು.

ಗೆರೆಕೋಲು:
ಹಾಗಾದ್ರೆ ಏನಂತ ಹೇಳೋದು?

ತುಂಗೆದಡ:
‘ನಮಸ್ಕಾರ, ವಿಶ್ವವಿದ್ಯಾಲಯದಿಂದ ಮಾತಾಡ್ತಿರೋದು, ಓದು–ಕೆಲಸದ ಬಗ್ಗೆ ಒಂದು ಅಧ್ಯಯನ ಇದೆ. ಇಂಥವರು ಇದ್ದಾರಾ?’ ಇಲ್ಲ ಅಂದ್ರೆ ‘ರಾಂಗ್ ನಂಬರ್, ಕ್ಷಮಿಸಿ’ ಅಂತ ಇಡಿ. ಇದ್ದಾರೆ ಅಂದ್ರೂ ಅವರೇ ಲೈನಿಗೆ ಬಂದು, ಒಬ್ಬರೇ ಇದ್ದೀನಿ ಅಂದಮೇಲೆ ಉಳಿದ ಮಾತು.

ಉದ್ದಿನವಡೆ:
ಟ್ರೂಕಾಲರಲ್ಲಿ ನಿಮ್ಮ ಹೆಸರು ಏನು ಬರುತ್ತೆ ಅಂತ ಮೊದಲು ನೋಡ್ಕೊಳ್ಳಿ. ‘ಬಾಲಮಂದಿರ ರಿಸರ್ಚ್’ ಅಂತ ಯಾರೋ ಸೇವ್ ಮಾಡಿದ್ರೆ ಮೇಲಿನದೆಲ್ಲ ನೀರಲ್ಲಿ ಹೋಮ.

ಗೆರೆಕೋಲು:
ನೋಡಿದೆ. ‘ಎಲ್ಐಸಿ ಏಜೆಂಟ್’ ಅಂತ ಬರ್ತಿದೆ. ಹೊಸ ಸಿಮ್ ತಗೋತೀನಿ.